ಮಾಸೆರಾಟಿ ಕ್ವಾಟ್ರೊಪೋರ್ಟೆ: ಆರು ಪೀಳಿಗೆಗಳಲ್ಲಿ ನಿಮಗೆ ಯಾವುದು?

ಕ್ವಾಟ್ರೊಪೋರ್ಟೆ ಎಂಬ ಒಂದೇ ಹೆಸರಿನಲ್ಲಿ ಇಟಲಿಯ ಕಾರು ಕಂಪನಿ ಮಾಸೆರಾಟಿ 1963ರಿಂದ ಆರು ಪೀಳಿಗೆಯ ಕಾರು ತಯಾರಿಸಿದೆ. ಒಂದನ್ನು ಓಡಿಸಿದ ಅನುಭವದಿಂದ ಇನ್ನೊಂದನ್ನು ಅಳೆಯಲಾಗದಷ್ಟು ಅವು ಬೇರೆ ಬೇರೆ. ಒಂದರಲ್ಲಿ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುತ್ತದೆ, ಒಂದರಲ್ಲಿ ಗೇರ್‌ಬಾಕ್ಸ್ ಹಿಂದಿನ ಆಕ್ಸಲ್ ಹತ್ತಿರ ಕೂತಿದೆ, ಒಂದರಲ್ಲಿ ಡೀಸೆಲ್ ಎಂಜಿನ್ ಕೂಡ ಸಿಗುತ್ತದೆ. ಕಂಪನಿ ಕೈ ಬದಲಾದಾಗಲೆಲ್ಲ ಕಾರಿನ ಜಾತಕವೂ ಬದಲಾಗಿದ್ದೇ ಇದಕ್ಕೆ ಕಾರಣ. ಓರ್ಸಿ ಕುಟುಂಬದಿಂದ 1968ರಲ್ಲಿ ಫ್ರಾನ್ಸಿನ ಸಿಟ್ರೊಯೆನ್‌ಗೆ, 1975ರಲ್ಲಿ ಉದ್ಯಮಿ ಅಲೆಹಾಂದ್ರೊ ಡಿ ಟೊಮಾಸೊ ಕೈಗೆ, 1993ರಲ್ಲಿ ಫಿಯಟ್‌ಗೆ, 1997ರಿಂದ ಫೆರಾರಿ ಆಡಳಿತಕ್ಕೆ, 2005ರಲ್ಲಿ ಮತ್ತೆ ನೇರವಾಗಿ ಫಿಯಟ್‌ಗೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕ್ವಾಟ್ರೊಪೋರ್ಟೆ ನೋಡಲು ಹೋದಾಗ ಅದು ಯಾರ ಕಾಲದ ಗಾಡಿ ಎಂದು ತಿಳಿದುಕೊಂಡರೆ ಅರ್ಧ ಲೆಕ್ಕ ಅಲ್ಲೇ ಸಿಕ್ಕಿಬಿಡುತ್ತದೆ.

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಓಡಿಸಿ ಸುಖಪಡಲು ಒಂದೇ ಒಂದು ಕ್ವಾಟ್ರೊಪೋರ್ಟೆ ಬೇಕೆಂದರೆ ಐದನೇ ಪೀಳಿಗೆಯದು, ಅದರಲ್ಲೂ 2008ರ ಫೇಸ್‌ಲಿಫ್ಟ್ (ಅದೇ ಪೀಳಿಗೆಯ ರೂಪ ತಿದ್ದುವಿಕೆ) ನಂತರ ಬಂದ 4.7 ಲೀಟರಿನ ‘ಎಸ್’. ಉಳಿದವೂ ಒಬ್ಬೊಬ್ಬರಿಗೆ ಸರಿಹೊಂದುತ್ತವೆ. ಯಾರಿಗೆ ಯಾವುದು ಎಂಬುದಕ್ಕೇ ಈ ಬರಹ.

ಹಳೆಯ ನಾಲ್ಕು: ಸಂಗ್ರಹಕಾರರ ಲೋಕ

ಮೊದಲನೆಯದು 1963ರ ಟೂರಿನ್ ಮೋಟಾರು ಮೇಳದಲ್ಲಿ ಬೆಳಕಿಗೆ ಬಂತು. ವಿನ್ಯಾಸ ಪಿಯೆತ್ರೊ ಫ್ರುವಾ ಅವರದು, ಬಾಡಿ ಕಟ್ಟಿದ್ದು ವಿನ್ಯಾಲೆ. ಬಾನೆಟ್ ಕೆಳಗೆ 4.1 ಲೀಟರಿನ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್, 260 ಹಾರ್ಸ್‌ಪವರ್. ಕಂಪನಿ ಹೇಳಿಕೊಂಡ ಗರಿಷ್ಠ ವೇಗ ಗಂಟೆಗೆ 230 ಕಿಲೋಮೀಟರ್. ನಾಲ್ಕು ಬಾಗಿಲಿನ ಕಾರಿಗೆ ಆ ಕಾಲದಲ್ಲಿ ಅದು ಬೆರಗಿನ ಮಾತು. ರೇಸ್ ಟ್ರ್ಯಾಕ್‌ನ ಎಂಜಿನ್ನನ್ನು ಕುಟುಂಬದ ಕಾರಿಗೆ ಹಾಕಬಹುದು ಎಂದು ಇಟಲಿಗೆ ತೋರಿಸಿಕೊಟ್ಟ ಕಾರು ಇದು. 1966ರಲ್ಲಿ ಎರಡನೇ ಸರಣಿ ಬಂದಾಗ ಹಿಂಬದಿಯ ದುಬಾರಿ ಬಗೆಯ ‘ಡಿ ಡಿಯಾನ್’ ಸಸ್ಪೆನ್ಷನ್ ತೆಗೆದು ಲೀಫ್ ಸ್ಪ್ರಿಂಗ್ ಮೇಲಿನ ಸಾದಾ ಆಕ್ಸಲ್ ಹಾಕಿದರು, ಮುಂದೆ ಜೋಡಿ ದುಂಡು ದೀಪಗಳು ಬಂದವು. ಕೊನೆಗೆ 4.7 ಲೀಟರಿನ 290 ಹಾರ್ಸ್‌ಪವರ್ ಎಂಜಿನ್ ಸಹ ಸಿಕ್ಕಿತು. 1969ರವರೆಗೆ ಆದದ್ದು 776 ಕಾರುಗಳು. ಕೊಳ್ಳುವವರು ಎಂಜಿನ್‌ಗಿಂತ ಮೊದಲು ತುಕ್ಕನ್ನು ನೋಡಬೇಕು. ಕೈಯಲ್ಲಿ ಬಡಿದು ಕೂರಿಸಿದ ಬಾಡಿ. ಒಂದು ಕಾರಿನ ಬಾಗಿಲು ಇನ್ನೊಂದಕ್ಕೆ ಸರಿಯಾಗಿ ಕೂರುತ್ತದೆ ಎಂಬ ಭರವಸೆ ಇಲ್ಲ. ಡೆಂಟಿಂಗ್ ಕೆಲಸದ ಬಿಲ್ಲು ಎಂಜಿನ್ ಕೆಲಸದ ಬಿಲ್ಲನ್ನು ಸುಲಭವಾಗಿ ಮೀರುತ್ತದೆ.

ಎರಡನೆಯದು ಸಿಟ್ರೊಯೆನ್ ಕಾಲದ್ದು, 1974ರಲ್ಲಿ ತೆರೆಕಂಡಿತು. ಬರ್ಟೋನೆ ವಿನ್ಯಾಸ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಾಂದಿನಿ ಗೀಚಿದ ಚೂಪು ರೂಪ, ಸಿಟ್ರೊಯೆನ್ ಎಸ್‌ಎಮ್‌ನ ತಳಪಾಯ, 3 ಲೀಟರಿನ ವಿ6, ಫ್ರಂಟ್ ವ್ಹೀಲ್ ಡ್ರೈವ್, ಎಣ್ಣೆ-ಅನಿಲದ ಸಸ್ಪೆನ್ಷನ್. ತಯಾರಾದದ್ದು ಹದಿಮೂರರ ಆಸುಪಾಸು. 1973ರ ತೈಲ ಬಿಕ್ಕಟ್ಟು ಆಗಲೇ ಬಡಿದಿತ್ತು, ಸಿಟ್ರೊಯೆನ್ ಕೈಬಿಟ್ಟಿತು. ಇದನ್ನು ಆಯ್ಕೆಯ ಪಟ್ಟಿಯಲ್ಲಿ ಇಡುವುದರಲ್ಲಿ ಅರ್ಥವಿಲ್ಲ.

ಮೂರನೆಯದು ಡಿ ಟೊಮಾಸೊ ಕೊಟ್ಟ ಉತ್ತರ. ಹಿಂದಿನದರ ಫ್ರೆಂಚ್ ವಾಸನೆಯನ್ನೆಲ್ಲ ಒರೆಸಿ ಮತ್ತೆ ವಿ8, ಮತ್ತೆ ಹಿಂದಿನ ಚಕ್ರಕ್ಕೆ ಶಕ್ತಿ. ಜೊರ್ಜೆತ್ತೊ ಜುಜಾರೊ ಅವರ ನೇರ ಗೆರೆಗಳ, ಗಂಭೀರ ಮುಖದ ದೊಡ್ಡ ಕಾರು. 4.2 ಲೀಟರ್ 255 ಹಾರ್ಸ್‌ಪವರ್, 4.9 ಲೀಟರ್ 280. ಇಟಲಿಯ ರಾಷ್ಟ್ರಪತಿ ಸಾಂದ್ರೊ ಪೆರ್ತಿನಿ ಬಳಸುತ್ತಿದ್ದ ಕಾರು ಇದೇ. 1983ರಲ್ಲಿ ಅವರು ಇದರಲ್ಲೇ ಫೆರಾರಿಯ ಊರಾದ ಮರನೆಲ್ಲೊಗೆ ಹೋದಾಗ, ಎದುರಾಳಿ ಕಂಪನಿಯ ಕಾರೆಂದು ಎಂಜೊ ಫೆರಾರಿ ಅದರ ಹತ್ತಿರ ಬರಲಿಲ್ಲ, ರಾಷ್ಟ್ರಪತಿಯೇ ಇಳಿದು ಅವರ ಬಳಿಗೆ ನಡೆದರು ಎಂದು ಇಂದಿಗೂ ಹೇಳುತ್ತಾರೆ. 1986ರ ನಂತರದ ‘ರೊಯಾಲೆ’ ಇದರ ಅದ್ದೂರಿ ಆವೃತ್ತಿ, ಐವತ್ತರ ಲೆಕ್ಕದಲ್ಲಿ ಮಾತ್ರ ಆದದ್ದು. ಹಳೆಯ ಕ್ವಾಟ್ರೊಪೋರ್ಟೆಗಳಲ್ಲಿ ವಾರಕ್ಕೊಮ್ಮೆ ಹೊರತೆಗೆದು ಓಡಿಸಬಹುದಾದದ್ದು ಯಾವುದೆಂದರೆ ನಾನು ಇದನ್ನೇ ತೋರಿಸುತ್ತೇನೆ. ಎಂಜಿನ್ ಗಟ್ಟಿ, ಎಲೆಕ್ಟ್ರಾನಿಕ್ಸ್ ಕಡಿಮೆ, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕ್ರೈಸ್ಲರ್‌ನದು. ಆ ಗೇರ್‌ಬಾಕ್ಸ್ ಬಲ್ಲ ಮೆಕ್ಯಾನಿಕ್‌ಗಳು ಲೋಕದ ತುಂಬ ಇದ್ದಾರೆ.

ನಾಲ್ಕನೆಯದರ ಬಗ್ಗೆ ಜನ ಎರಡು ಪಂಗಡ. 1994ರಲ್ಲಿ ಬಂದ ಇದರ ವಿನ್ಯಾಸ ಮತ್ತೆ ಗಾಂದಿನಿ ಅವರದು. ಹಿಂದಿನ ಚಕ್ರದ ಕಮಾನನ್ನು ಓರೆಯಾಗಿ ಕತ್ತರಿಸಿದ ಅವರ ರುಜು ದೂರದಿಂದಲೇ ಕಾಣುತ್ತದೆ. ಮಾಸೆರಾಟಿಯದೇ ಸಣ್ಣ ಬೈಟರ್ಬೊ ಕಾರುಗಳ ತಳಪಾಯವಾದ್ದರಿಂದ ಉದ್ದ 4.55 ಮೀಟರ್ ಮಾತ್ರ. ಇಟಲಿಯಲ್ಲಿ 2 ಲೀಟರ್ ದಾಟಿದ ಎಂಜಿನ್‌ಗೆ ತೆರಿಗೆ ಹೆಚ್ಚಾಗಿದ್ದ ಕಾರಣ ಅಲ್ಲಿನವರಿಗೆ 2 ಲೀಟರಿನ ಎರಡು ಟರ್ಬೊ ವಿ6, ಹೊರದೇಶಕ್ಕೆ 2.8. ಆಮೇಲೆ 3.2 ಲೀಟರಿನ ಎರಡು ಟರ್ಬೊ ವಿ8, 335 ಹಾರ್ಸ್‌ಪವರ್. ಒಂದೂವರೆ ಟನ್ ಚಿಲ್ಲರೆ ತೂಕದ ಪುಟ್ಟ ಕಾರಿಗೆ ಅಷ್ಟು ಶಕ್ತಿ ಹಾಕಿದರೆ ಏನಾಗುತ್ತದೆ ಎಂಬುದನ್ನು ಮಳೆಯಲ್ಲಿ ಓಡಿಸಿದವರನ್ನೇ ಕೇಳಬೇಕು. ಫೆರಾರಿ ಬಂದ ಮೇಲೆ 1998ರಲ್ಲಿ ನೂರಾರು ಭಾಗಗಳನ್ನು ತಿದ್ದಿ ‘ಎವೊಲುಜಿಯೊನೆ’ ಹೊರತಂದರು. ಕೊಳ್ಳುವುದಿದ್ದರೆ ಅದೇ ಆಗಬೇಕು. ಒಂದು ಸಣ್ಣ ನಷ್ಟವಿದೆ: ಡ್ಯಾಶ್‌ಬೋರ್ಡ್ ನಡುವೆ ಇದ್ದ ಚಿನ್ನದ ಬಣ್ಣದ ಮೊಟ್ಟೆಯಾಕಾರದ ಗಡಿಯಾರ ಎವೊಲುಜಿಯೊನೆಯಲ್ಲಿ ಇಲ್ಲ. ಆ ಕಾಲದ ಮಾಸೆರಾಟಿ ಎಂದರೆ ಆ ಗಡಿಯಾರವೇ ಎಂದು ನಂಬಿದವರಿಗೆ ಇದು ಸಣ್ಣ ವಿಷಯವಲ್ಲ. ಗಟ್ಟಿ ಕಾರು ಬೇಕೋ ಗಡಿಯಾರ ಬೇಕೋ ಎಂದರೆ ನಾನು ಗಟ್ಟಿ ಕಾರಿನ ಕಡೆ.

ಐದನೆಯದು: ಇಲ್ಲಿ ನಿಧಾನವಾಗಿ ನೋಡಬೇಕು

2003ರಲ್ಲಿ ಫ್ರಾಂಕ್‌ಫರ್ಟ್ ಮೇಳದಲ್ಲಿ ಬಂದ ಐದನೇ ಪೀಳಿಗೆ ಪೂರ್ತಿ ಫೆರಾರಿ ಆಡಳಿತದ ಕೂಸು. ಪಿನಿನ್‌ಫರೀನಾ ವಿನ್ಯಾಸ ಸಂಸ್ಥೆಯಲ್ಲಿದ್ದ ಜಪಾನಿನ ಕೆನ್ ಒಕುಯಾಮಾ ಇದರ ರೂಪ ಬಿಡಿಸಿದರು. ಐದು ಮೀಟರ್ ದಾಟಿದ ಉದ್ದವಿದ್ದರೂ ಪಕ್ಕದಿಂದ ನೋಡಿದಾಗ ಭಾರ ಎನಿಸುವುದಿಲ್ಲ. ಬಾನೆಟ್ ಉದ್ದ, ಕ್ಯಾಬಿನ್ ಹಿಂದಕ್ಕೆ ಸರಿದು ಕೂತಿದೆ, ಸೊಂಟದ ಗೆರೆ ಬಿಲ್ಲಿನಂತೆ ಬಾಗಿದೆ. ಇಷ್ಟು ಚೆಂದದ ದೊಡ್ಡ ಸೆಡಾನ್ ಅದರ ಮೊದಲೂ ಆಮೇಲೂ ಬಂದಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಎಂಜಿನ್ ಮರನೆಲ್ಲೊದಲ್ಲಿ ಕಟ್ಟಿದ ಟರ್ಬೊ ಇಲ್ಲದ ವಿ8. 4.2 ಲೀಟರ್, 400 ಹಾರ್ಸ್‌ಪವರ್, ಅದೂ 7000 ಆರ್‌ಪಿಎಮ್‌ನಲ್ಲಿ. ಕೆಳಗಿನ ಆರ್‌ಪಿಎಮ್‌ನಲ್ಲಿ ಸಾಧು, ನಾಲ್ಕು ಸಾವಿರ ದಾಟಿದ ಮೇಲೆ ಸೈಲೆನ್ಸರ್‌ನ ದನಿಯೇ ಬೇರೆ. ಈ ಕಾರನ್ನು ಜನ ಪ್ರೀತಿಸುವುದಕ್ಕೆ ಮುಕ್ಕಾಲು ಕಾರಣ ಆ ದನಿ. ಸರ್ವೀಸ್ ಖರ್ಚಿನ ದೃಷ್ಟಿಯಿಂದ ಒಂದು ಸಮಾಧಾನ: ಟೈಮಿಂಗ್‌ಗೆ ಬೆಲ್ಟ್ ಬದಲು ಚೈನ್ ಇದೆ, ಹಳೆಯ ಫೆರಾರಿಗಳ ಹಾಗೆ ಬೆಲ್ಟ್ ಬದಲಿಸಲು ಕೆಲವು ವರ್ಷಕ್ಕೊಮ್ಮೆ ದುಡ್ಡು ಸುರಿಯಬೇಕಿಲ್ಲ.

ಈಗ ನಿಜವಾದ ಪ್ರಶ್ನೆ, ಗೇರ್‌ಬಾಕ್ಸ್. ಈ ಪೀಳಿಗೆಯಲ್ಲಿ ಅದೊಂದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಮೊದಲು ಬಂದ ಕಾರುಗಳಲ್ಲಿ ಇದ್ದದ್ದು ‘ಡುವೊಸೆಲೆಕ್ಟ್’. ಮೂಲದಲ್ಲಿ ಇದು ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದು, ಗೇರ್ ಹಾಕುವುದು ಎರಡನ್ನೂ ನಿಮ್ಮ ಬದಲಿಗೆ ಹೈಡ್ರಾಲಿಕ್ ಪಂಪ್ ಮಾಡುತ್ತದೆ, ಸ್ಟೇರಿಂಗ್ ಹಿಂದಿನ ಪ್ಯಾಡಲ್ ಎಳೆದರೆ ಸಾಕು. ಗೇರ್‌ಬಾಕ್ಸ್ ಕೂತಿರುವುದು ಹಿಂದಿನ ಆಕ್ಸಲ್ ಬಳಿ. ಹಾಗಾಗಿ ತೂಕದಲ್ಲಿ ಮುಂದೆ ನೂರಕ್ಕೆ 47, ಹಿಂದೆ 53 ಪಾಲು. ತಿರುವುಗಳಲ್ಲಿ ಇದರ ಫಲ ಕೈಗೆ ತಿಳಿಯುತ್ತದೆ. ಎಂಜಿನ್ ಸಹ ರೇಸ್ ಕಾರಿನ ಪದ್ಧತಿಯ ಡ್ರೈ ಸಂಪ್, ಅಂದರೆ ಆಯಿಲ್ ಬೇರೆ ಟ್ಯಾಂಕಿನಲ್ಲಿ ಇರುತ್ತದೆ. ಖಾಲಿ ಘಾಟಿ ರಸ್ತೆಯಲ್ಲಿ ಸ್ಪೋರ್ಟ್ ಬಟನ್ ಒತ್ತಿ ಓಡಿಸಿದರೆ ಇದಕ್ಕಿಂತ ಜೀವಂತ ಸೆಡಾನ್ ಸಿಗುವುದು ಕಷ್ಟ. ಊರೊಳಗೆ ಕಥೆ ಬೇರೆ. ಸಿಗ್ನಲ್ ಹತ್ತಿರ ಇಂಚಿಂಚು ತೆವಳುವಾಗ, ಏರಿನಲ್ಲಿ ರಿವರ್ಸ್ ತೆಗೆಯುವಾಗ ಕ್ಲಚ್ ಪ್ಲೇಟ್ ಜಾರುತ್ತಲೇ ಇರುತ್ತದೆ, ಬೇಗ ಸವೆಯುತ್ತದೆ. ಮೊದಲ ಗೇರಿನಿಂದ ಎರಡಕ್ಕೆ ಹೋಗುವಾಗ ತಲೆ ಮುಂದಕ್ಕೆ ಬಾಗುತ್ತದೆ. ಹಿಂದೆ ಕೂತ ಯಜಮಾನರಿಗೆ ಇದು ಹಿಡಿಸಲಿಲ್ಲ. ಹೆಚ್ಚು ಕಾರುಗಳು ಹೋಗುತ್ತಿದ್ದ ಅಮೆರಿಕಕ್ಕಂತೂ ಖಂಡಿತ ಹಿಡಿಸಲಿಲ್ಲ.

ಆದ್ದರಿಂದ 2007ರಲ್ಲಿ ಜರ್ಮನಿಯ ಗೇರ್‌ಬಾಕ್ಸ್ ಕಂಪನಿ ಜೆಡ್‌ಎಫ್‌ನ ಆರು ಗೇರಿನ ಆಟೊಮ್ಯಾಟಿಕ್ ಬಂತು. ಗೇರ್‌ಬಾಕ್ಸ್ ಎಂಜಿನ್ ಹಿಂದೆಯೇ ಕೂತಿತು, ಆಯಿಲ್ ಸಾಮಾನ್ಯ ಕಾರಿನಂತೆ ಎಂಜಿನ್ ತಳದಲ್ಲೇ ನಿಂತಿತು, ತೂಕದ ಹಂಚಿಕೆ 49-51 ಆಯಿತು. ನೂರು ಕಿಲೋಮೀಟರ್ ವೇಗ ಮುಟ್ಟಲು 5.2 ಸೆಕೆಂಡು ಇದ್ದದ್ದು 5.6 ಆಯಿತು. ಕಾಗದದ ಮೇಲೆ ಇದು ಇಳಿಕೆ. ದಿನನಿತ್ಯದ ಬಳಕೆಗೆ ಇದು ಬೇರೆಯೇ ಕಾರು. ಟ್ರಾಫಿಕ್‌ನಲ್ಲಿ ಮನೆಯವರು ನಿದ್ದೆ ಮಾಡಬಹುದು. 4.2ರಲ್ಲಿ ಬಾನೆಟ್ ಎತ್ತಿದರೆ ಗುರುತು ಸಿಗುತ್ತದೆ: ಎಂಜಿನ್ ಮೇಲಿನ ಕವರ್ ಕೆಂಪಾಗಿದ್ದರೆ ಡುವೊಸೆಲೆಕ್ಟ್, ನೀಲಿಯಾಗಿದ್ದರೆ ಆಟೊಮ್ಯಾಟಿಕ್.

2008ರ ಫೇಸ್‌ಲಿಫ್ಟ್‌ನಲ್ಲಿ ಡುವೊಸೆಲೆಕ್ಟ್ ಪೂರ್ತಿ ಹೊರಟುಹೋಯಿತು. ಮುಂದಿನ ಗ್ರಿಲ್, ಹಿಂದಿನ ಎಲ್‌ಇಡಿ ದೀಪ ಬದಲಾದವು. ಬೇಸ್ ಕಾರಿಗೆ 4.2 ಉಳಿಯಿತು, ‘ಎಸ್’ಗೆ 4.7 ಲೀಟರ್, 430 ಹಾರ್ಸ್‌ಪವರ್, 490 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. ನಾನು ಎಸ್ ಎಂದು ಪಟ್ಟು ಹಿಡಿಯುವುದು ಈ ಟಾರ್ಕ್‌ನಿಂದಾಗಿ. ಆಟೊಮ್ಯಾಟಿಕ್ ಜೊತೆ 4.2 ಸ್ವಲ್ಪ ಉಸಿರು ಕಟ್ಟಿದಂತೆ ಓಡುತ್ತದೆ, ಪಿಕಪ್ ಬೇಕಾದಾಗಲೆಲ್ಲ ಗೇರ್ ಇಳಿಸಿ ಕಾಯಬೇಕು, 4.7 ಇದ್ದ ಗೇರಿನಲ್ಲೇ ಎಳೆಯುತ್ತದೆ. ಅದರ ಮೇಲಿನದು 2009ರ ‘ಸ್ಪೋರ್ಟ್ ಜಿಟಿ ಎಸ್’: 440 ಹಾರ್ಸ್‌ಪವರ್, ಗಂಟೆಗೆ 285 ಕಿಲೋಮೀಟರ್, ತಗ್ಗಿಸಿದ ಸಸ್ಪೆನ್ಷನ್. ಉಳಿದ ಕಾರುಗಳಲ್ಲಿ ರಸ್ತೆಗೆ ತಕ್ಕಂತೆ ಮೆದುವಾಗುವ ‘ಸ್ಕೈಹುಕ್’ ಶಾಕ್ ಅಬ್ಸಾರ್ಬರ್ ಇದ್ದರೆ ಇದರಲ್ಲಿ ಬಿಗಿಯಾದ, ಬದಲಾಗದ ಶಾಕ್ ಅಬ್ಸಾರ್ಬರ್. ನುಣುಪು ರಸ್ತೆಯ ಜರ್ಮನಿಗೆ ಸರಿ. ಗುಂಡಿ ಬಿದ್ದ ಊರುಗಳವರು ಸಾದಾ ಎಸ್ ತೆಗೆದುಕೊಳ್ಳಲಿ, ಬೆನ್ನು ಉಳಿಯುತ್ತದೆ.

ಹಾಗಾದರೆ ಡುವೊಸೆಲೆಕ್ಟ್ ಯಾರಿಗೆ? ಮನೆಯಲ್ಲಿ ದಿನಬಳಕೆಗೆ ಬೇರೆ ಕಾರು ಇದ್ದು, ಇದನ್ನು ಭಾನುವಾರ ಬೆಳಿಗ್ಗೆಗೆಂದೇ ಇಟ್ಟುಕೊಳ್ಳುವವರಿಗೆ. ಬೆಲೆಯೂ ಕಡಿಮೆ. ಅಂಥವರು ಎರಡು ಪರೀಕ್ಷೆಗಳನ್ನು ಬಿಡಬಾರದು. ಒಂದು, ಡಯಾಗ್ನಾಸ್ಟಿಕ್ ಉಪಕರಣ ಇರುವ ವರ್ಕ್‌ಶಾಪ್‌ನಲ್ಲಿ ಕ್ಲಚ್ ಎಷ್ಟು ಸವೆದಿದೆ ಎಂದು ಓದಿಸಿ. ಮಾರುವವರು ‘ಈಚೆಗಷ್ಟೇ ಹಾಕಿಸಿದ್ದು’ ಎಂದರೂ ಓದಿಸಿ. ಇನ್ನೊಂದು, ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ಡ್ರೈ ಸಂಪ್ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ತುದಿಯ ವೇರಿಯೇಟರ್ (ವಾಲ್ವ್ ತೆರೆಯುವ ಸಮಯ ಬದಲಿಸುವ ಭಾಗ) ಸವೆಯುವುದು ಹೆಸರುವಾಸಿ ದೋಷ. ಸವೆದಿದ್ದರೆ ಸ್ಟಾರ್ಟ್ ಆದ ಮೊದಲ ಕೆಲವು ಕ್ಷಣ, ಆಯಿಲ್ ಒತ್ತಡ ಏರುವ ತನಕ, ಡಬ್ಬಿಯೊಳಗೆ ಕಲ್ಲು ಅಲ್ಲಾಡಿಸಿದಂಥ ಗಡಗಡ ಸದ್ದು ಬರುತ್ತದೆ, ಆಮೇಲೆ ಏನೂ ಇಲ್ಲವೆಂಬಂತೆ ಸುಮ್ಮನಾಗುತ್ತದೆ. ನೀವು ಹೋಗುವ ಮೊದಲೇ ಕಾರನ್ನು ಬೆಚ್ಚಗೆ ಮಾಡಿ ನಿಲ್ಲಿಸಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡಿ. ಆ ರಿಪೇರಿ ಎಂದರೆ ಎಂಜಿನ್‌ನ ಮುಂಭಾಗವನ್ನೇ ಬಿಚ್ಚುವ ಕೆಲಸ.

ಆಟೊಮ್ಯಾಟಿಕ್ ಕಾರುಗಳಿಗೆ ಇಂಥ ದೊಡ್ಡ ಭಯಗಳಿಲ್ಲ. ಮುಂದಿನ ಸಸ್ಪೆನ್ಷನ್ ಬುಷ್ ಮತ್ತು ಬಾಲ್ ಜಾಯಿಂಟ್ ನೋಡಿಕೊಳ್ಳಿ. ಎರಡು ವಾರ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದೆ, ನಿಂತ ಕಾರಿನ ಬ್ಯಾಟರಿಗೆ ಸಣ್ಣಗೆ ಚಾರ್ಜ್ ಕೊಡುವ ಟ್ರಿಕಲ್ ಚಾರ್ಜರ್ ಇಟ್ಟುಕೊಳ್ಳಿ. ಒಳಗೆ ಕೂತು ಬಟನ್‌ಗಳನ್ನು ಒಂದೊಂದಾಗಿ ಮುಟ್ಟಿ. ಆ ಕಾಲದ ಇಟಲಿಯ ಕಾರುಗಳಲ್ಲಿ ಬಟನ್ ಮೇಲೆ ಬಳಿದಿದ್ದ ಮೆತ್ತನೆಯ ಲೇಪ ವರ್ಷ ಕಳೆದಂತೆ ಕರಗಿ ಬೆಲ್ಲದ ಪಾಕದಂತೆ ಬೆರಳಿಗೆ ಅಂಟುತ್ತದೆ, ಅಕ್ಷರಗಳು ಅಳಿಸಿಹೋಗುತ್ತವೆ. ಓಟಕ್ಕೆ ತೊಂದರೆಯಿಲ್ಲ. ಬಿಡಿಸಿ ಸ್ವಚ್ಛ ಮಾಡಿಸಬಹುದು. ಆದರೂ ಚೌಕಾಸಿಗೆ ಒಳ್ಳೆಯ ಕಾರಣ.

ಆರನೆಯದು: ದೊಡ್ಡದು, ವೇಗದ್ದು, ಸುಲಭದ್ದು

2013ರ ಡೆಟ್ರಾಯಿಟ್ ಮೇಳದಲ್ಲಿ ಆರನೇ ಪೀಳಿಗೆ ಬಂದಾಗ ಮಾಸೆರಾಟಿಯ ಗುರಿಯೇ ಬದಲಾಗಿತ್ತು. ಹಿಂದೆ ಕಂಪನಿಗೆ ಬೇಕಿದ್ದದ್ದು ಮರ್ಯಾದೆ, ಈಗ ಸಂಖ್ಯೆ. ಕಂಪನಿಯ ಊರಾದ ಮೊಡೆನಾ ಬಿಟ್ಟು ಟೂರಿನ್ ಪಕ್ಕದ ಗ್ರುಲ್ಯಾಸ್ಕೊದಲ್ಲಿ ತಯಾರಿ ಶುರುವಾಯಿತು. ಉದ್ದ 5262 ಮಿಲಿಮೀಟರ್, ಹಿಂದೆ ಕಾಲು ಚಾಚಿ ಕೂರಬಹುದು, ಹಳೆಯದಕ್ಕಿಂತ ತೂಕ ಇಳಿಯಿತು. ಎಲ್ಲ ಎಂಜಿನ್‌ಗಳಿಗೂ ಟರ್ಬೊ, ಎಲ್ಲಕ್ಕೂ ಜೆಡ್‌ಎಫ್‌ನ ಎಂಟು ಗೇರಿನ ಆಟೊಮ್ಯಾಟಿಕ್.

ಆಯ್ಕೆ ಮೂರು ದಾರಿಯಾಗಿ ಒಡೆಯುತ್ತದೆ. ‘ಜಿಟಿಎಸ್’ನಲ್ಲಿ 3.8 ಲೀಟರಿನ ಎರಡು ಟರ್ಬೊ ವಿ8, 530 ಹಾರ್ಸ್‌ಪವರ್, ಗಂಟೆಗೆ 307 ಕಿಲೋಮೀಟರ್. ‘ಎಸ್’ನಲ್ಲಿ 3 ಲೀಟರಿನ ವಿ6, 410 ಹಾರ್ಸ್‌ಪವರ್, ಇದಕ್ಕೇ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ‘ಎಸ್ ಕ್ಯೂ4’ ಉಂಟು, ಹಿಮ ಬೀಳುವ ಊರಿನವರಿಗೆ ಅದೇ ಸರಿ. ಆದರೆ ಕ್ಯೂ4 ಎಡಗಡೆ ಸ್ಟೇರಿಂಗ್‌ನಲ್ಲಿ ಮಾತ್ರ ಬಂದದ್ದು; ಬ್ರಿಟನ್, ಆಸ್ಟ್ರೇಲಿಯಾ, ಭಾರತದಲ್ಲಿ ಹುಡುಕಬೇಡಿ. ಮೂರನೆಯದು ಇಟಲಿಯ ಚೆಂಟೊದ ಎಂಜಿನ್ ಕಂಪನಿ ವಿಎಮ್ ಮೊಟೊರಿ ಕೊಟ್ಟ ವಿ6 ಡೀಸೆಲ್, 275 ಹಾರ್ಸ್‌ಪವರ್, 600 ನ್ಯೂಟನ್ ಮೀಟರ್. ಮಾಸೆರಾಟಿಗೆ ಡೀಸೆಲ್ ಎಂದು ಮೂಗು ಮುರಿದವರು ಬಹಳ. ವರ್ಷಕ್ಕೆ ಮೂವತ್ತು ಸಾವಿರ ಕಿಲೋಮೀಟರ್ ಜರ್ಮನಿಯ ಹೆದ್ದಾರಿ ಆಟೊಬಾನ್‌ನಲ್ಲಿ ಕಳೆಯುವವರಿಗೆ ಲೆಕ್ಕ ಕೂಡುವುದು ಅದೇ. ನನಗೆ ಮಾತ್ರ ಆ ದನಿ ಇಲ್ಲದ ಕ್ವಾಟ್ರೊಪೋರ್ಟೆ ಬೇಡ.

ವಿ6 ಪೆಟ್ರೋಲ್ ‘ಎಸ್’ ಈ ಪೀಳಿಗೆಯ ಜಾಣ ಆಯ್ಕೆ. ಬಹುತೇಕ ರಸ್ತೆಗಳಲ್ಲಿ ಜಿಟಿಎಸ್‌ನ ಹೆಚ್ಚುವರಿ ಶಕ್ತಿ ಬಳಕೆಗೇ ಬರುವುದಿಲ್ಲ, ಮೂಗು ಹಗುರವಾದ್ದರಿಂದ ತಿರುವಿನಲ್ಲಿ ಎಸ್ ಚುರುಕು. ವರ್ಷದ ವಿಷಯದಲ್ಲಿ, 2016ರ ಫೇಸ್‌ಲಿಫ್ಟ್ ನಂತರದ್ದನ್ನೇ ನೋಡಿ. ಮೊದಲ ಕಾರುಗಳ ಗೇರ್ ಲಿವರ್ ಯಾವ ಸ್ಥಾನದಲ್ಲಿದೆ ಎಂದು ಕೈಗೆ ತಿಳಿಯುತ್ತಿರಲಿಲ್ಲ. ಪಾರ್ಕ್‌ನಲ್ಲಿದೆ ಎಂದುಕೊಂಡು ಇಳಿದರೆ ಕಾರು ಉರುಳುವ ಅಪಾಯವಿತ್ತು. ಇದೇ ಕಾರಣಕ್ಕೆ 2014ರ ಮಾಡೆಲ್‌ಗಳನ್ನು ಅಮೆರಿಕದಲ್ಲಿ 2016ರಲ್ಲಿ ರೀಕಾಲ್ ಮಾಡಿದರು. ಹಳೆಯದನ್ನು ಕೊಳ್ಳುವವರು ಆ ಕೆಲಸ ಆಗಿದೆಯೇ ಎಂದು ಚಾಸಿಸ್ ನಂಬರ್ ಕೊಟ್ಟು ಕೇಳಬೇಕು. ಫೇಸ್‌ಲಿಫ್ಟ್‌ನಲ್ಲಿ ಹೊಸ ಟಚ್‌ಸ್ಕ್ರೀನ್ ಬಂತು, ‘ಗ್ರಾನ್‌ಲುಸ್ಸೊ’ ಮತ್ತು ‘ಗ್ರಾನ್‌ಸ್ಪೋರ್ಟ್’ ಎಂಬ ಎರಡು ಅಲಂಕಾರಗಳು ಬಂದವು: ಹಿಂದೆ ಕೂರುವವರಿಗೆ ಮೊದಲನೆಯದು, ಮುಂದೆ ಕೂರುವವರಿಗೆ ಎರಡನೆಯದು. ಕೊನೆಯ ಕಾಣಿಕೆ 2020ರ ‘ಟ್ರೊಫೆಯೊ’: 580 ಹಾರ್ಸ್‌ಪವರ್, ಗಂಟೆಗೆ 326 ಕಿಲೋಮೀಟರ್. ಮಾಸೆರಾಟಿಯ ವಿ8 ಕಾಲ ಮುಗಿದಿರುವುದರಿಂದ ಬೆಲೆ ನಿಲ್ಲುವ ಸಾಧ್ಯತೆ ಈ ಪೀಳಿಗೆಯಲ್ಲಿ ಅದೊಂದಕ್ಕೇ ಇದೆ ಎನಿಸುತ್ತದೆ.

ಒಂದು ಕೊರತೆಯನ್ನು ಹೇಳಲೇಬೇಕು. ಒಳಗಿನ ಸ್ವಿಚ್ಚುಗಳಲ್ಲಿ ಕೆಲವು ಕ್ರೈಸ್ಲರ್ ಕಾರುಗಳಿಂದ ತಂದವು. ಚರ್ಮದ ಹೊಲಿಗೆ ಅಷ್ಟು ಸೊಗಸಾಗಿರುವ ಬಾಗಿಲಿನಲ್ಲಿ ಕಿಟಕಿ ಇಳಿಸುವ ಬಟನ್ ಮುಟ್ಟಿದಾಗ ಮನಸ್ಸಿಗೆ ಬೇಸರವಾಗುತ್ತದೆ.

ಇಷ್ಟು ಉದ್ದದ ಕಾರು ಬೇಡ ಎನ್ನುವವರಿಗೆ ಇದೇ ತಳಪಾಯವನ್ನು ಮೊಟಕು ಮಾಡಿ ತಯಾರಿಸಿದ ‘ಗಿಬ್ಲಿ’ ಇದೆ. ಐದು ಮೀಟರಿಗಿಂತ ತುಸು ಕಡಿಮೆ ಉದ್ದ, ಅದೇ ವಿ6. ಓಡಿಸುವವರಿಗೆ ಏನೂ ಕಳೆದಂತೆ ಅನಿಸದು. ಹಿಂದಿನ ಸೀಟು ಮಾತ್ರ ಕ್ವಾಟ್ರೊಪೋರ್ಟೆಯ ಮುಂದೆ ಇಕ್ಕಟ್ಟು.

ಬೆಂಗಳೂರಿನಲ್ಲಿ ನೋಡುವವರಿಗೆ

ಭಾರತಕ್ಕೆ ಮಾಸೆರಾಟಿ ಅಧಿಕೃತವಾಗಿ ಬಂದದ್ದು 2011ರಲ್ಲಿ. ನಡುವೆ ನಿಂತು, 2015ರಲ್ಲಿ ದೆಹಲಿ, ಮುಂಬೈ, ಬೆಂಗಳೂರುಗಳೊಂದಿಗೆ ಮತ್ತೆ ಶುರುವಾಯಿತು. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಹೊರದೇಶದಿಂದ ತರಿಸಲು ಆಮದು ನಿಯಮ ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಇಲ್ಲಿ ಐದನೇ ಪೀಳಿಗೆ ಬೇಕೆಂದರೆ ಆಗ ಇಲ್ಲೇ ಮಾರಾಟವಾದ ಕೆಲವೇ 4.7 ಕಾರುಗಳಲ್ಲಿ ಒಂದನ್ನು ಹುಡುಕಬೇಕು. ಇಲ್ಲವಾದರೆ ಆರನೆಯದಕ್ಕೇ ತೃಪ್ತಿಪಡಬೇಕು. ಮುಂಬೈ ಅಥವಾ ದೆಹಲಿ ನೋಂದಣಿಯ ಗಾಡಿ ಅಗ್ಗವೆಂದು ಕಂಡರೆ ಆತುರಪಡಬೇಡಿ. ಎನ್‌ಒಸಿ ತರಿಸಿ ಕೆಎ ನಂಬರ್ ಮಾಡಿಸುವಾಗ ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ಕರ್ನಾಟಕದಲ್ಲಿ ಅದು ಶೇಕಡ 18. ಹಳೆಯದಕ್ಕೆ ವಯಸ್ಸಿನ ಮೇಲೆ ರಿಯಾಯಿತಿ ಇದ್ದರೂ ಕಾರಿನ ಮೂಲ ಬೆಲೆಯೇ ಕೋಟಿಯ ಮಾತಾದ್ದರಿಂದ ಮೊತ್ತ ಸಣ್ಣದಾಗುವುದಿಲ್ಲ. ಆ ಅಂಕಿಯನ್ನು ಮೊದಲು ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿ, ಕಾರಿನ ಬೆಲೆಗೆ ಕೂಡಿಸಿ, ಆಮೇಲೆ ಚೌಕಾಸಿಗೆ ಕೂರಿ.

ಟೆಸ್ಟ್ ಡ್ರೈವ್ ಸಿಕ್ಕಿದರೆ ನಿಮ್ಮ ಬೀದಿಯ ಹಂಪ್ ಮೇಲೆ ಒಮ್ಮೆ ಓರೆಯಾಗಿ ಹತ್ತಿಸಿ ಇಳಿಸಿ, ಆಮೇಲೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಇಳಿಸಿ ನೋಡಿ. 5262 ಮಿಲಿಮೀಟರ್ ಉದ್ದದ ಕಾರು ಆ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗದಿದ್ದರೆ ಗಿಬ್ಲಿ ನೋಡುವುದೇ ಲೇಸು.